1941ರ ಬೇಸ್‌ಬಾಲ್ ಸೀಸನ್ ಮೇಜಿನ ಮೇಲೆ: ಸ್ಟ್ರ್ಯಾಟ್-ಓ-ಮ್ಯಾಟಿಕ್ ಬಳಸಿದ ಅನುಭವ

ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದ ವಿಮರ್ಶೆ ಸ್ಟ್ರ್ಯಾಟ್-ಓ-ಮ್ಯಾಟಿಕ್ ಎಂಬ ಈ ದಾಳ-ಕಾರ್ಡಿನ ಬೇಸ್‌ಬಾಲ್ ಆಟದ ಮಟ್ಟಿಗೆ ಅಷ್ಟೇನೂ ಉಪಯೋಗಕ್ಕೆ ಬರಲ್ಲ. ಒಂದೆರಡು ಪಂದ್ಯ ಆಡಿದರೆ ಇದು ದಾಳ ಉರುಳಿಸುವ ಆಟ ಅಷ್ಟೇ. ಇದರ ಗುಣ, ದೋಷ ಎರಡೂ ಗೊತ್ತಾಗುವುದು ಹಳೆಯ ಸೀಸನ್ ಒಂದನ್ನು ಹಿಡಿದು ತಿಂಗಳುಗಟ್ಟಲೆ ಆಡಿದಾಗ. ನಾನು ಆರಿಸಿಕೊಂಡದ್ದು 1941. ಅದರಲ್ಲೂ ಅಮೆರಿಕನ್ ಲೀಗ್‌ನ ನ್ಯೂಯಾರ್ಕ್ ಯಾಂಕೀಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ತಂಡಗಳ ಪಂದ್ಯಗಳು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಶಾಲೆಯಲ್ಲಿ ಬೆಂಚಿನ ಕೆಳಗೆ ಬುಕ್ ಕ್ರಿಕೆಟ್ ಆಡಿದ್ದೀರಲ್ವಾ? ಪುಟ ತೆರೆ, ಕೊನೆಯ ಅಂಕಿ ನೋಡು, ರನ್ ಬರೆ. ಅದರಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಕೂಡ ಗವಾಸ್ಕರ್ ಥರ ಶತಕ ಹೊಡೆಯುತ್ತಿದ್ದರು. ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದು 167 ರನ್ ಗಳಿಸಿದವರು ಅವರು! ಬುಕ್ ಕ್ರಿಕೆಟ್‌ನ ಈ ಕೊರತೆಯನ್ನೇ ಸ್ಟ್ರ್ಯಾಟ್-ಓ-ಮ್ಯಾಟಿಕ್ ತುಂಬಿಕೊಡುತ್ತದೆ. ಹುಡುಗನಾಗಿದ್ದಾಗಲೇ ದಾಳ ಉರುಳಿಸಿ ಲೆಕ್ಕ ಹಾಕುತ್ತಿದ್ದ ಹ್ಯಾಲ್ ರಿಚ್‌ಮನ್ ಎಂಬಾತ 1961ರಲ್ಲಿ ಇದನ್ನು ಮಾರಾಟಕ್ಕೆ ತಂದ. ಪ್ರತಿ ಆಟಗಾರನಿಗೂ ಒಂದು ಕಾರ್ಡ್. ಆ ವರ್ಷ ಅವನು ಹೇಗೆ ಆಡಿದ್ದನೋ ಅದೇ ಲೆಕ್ಕದಲ್ಲಿ ಕಾರ್ಡಿನ ಮೇಲೆ ಫಲಿತಾಂಶಗಳನ್ನು ಹಂಚಿರುತ್ತಾರೆ.

ಮೂರು ದಾಳ ಉರುಳಿಸಬೇಕು. ಬೇರೆ ಬಣ್ಣದ ದಾಳದಲ್ಲಿ 1ರಿಂದ 3 ಬಿದ್ದರೆ ಬ್ಯಾಟರ್‌ನ ಕಾರ್ಡ್ ನೋಡಬೇಕು, 4ರಿಂದ 6 ಬಿದ್ದರೆ ಪಿಚರ್‌ನ, ಅಂದರೆ ಚೆಂಡು ಎಸೆಯುವವನ ಕಾರ್ಡ್. ಉಳಿದೆರಡನ್ನು ಕೂಡಿದರೆ ಯಾವ ಸಾಲು ಅಂತ ಗೊತ್ತಾಗುತ್ತದೆ. 7 ಬರುವ ಸಾಧ್ಯತೆ 36ಕ್ಕೆ 6, 2 ಅಥವಾ 12 ಬರುವುದು 36ಕ್ಕೆ ಒಂದೊಂದೇ ಸಲ. ಹಾಗಾಗಿ ಒಳ್ಳೆಯ ಹೊಡೆತ ಯಾವ ಸಾಲಿನಲ್ಲಿ ಕೂತಿದೆ ಅನ್ನುವುದೇ ಆಟಗಾರನ ಬೆಲೆ. ಕೆಲವು ಸಾಲುಗಳಲ್ಲಿ 20 ಮುಖದ ದಾಳವನ್ನೂ ಉರುಳಿಸಬೇಕು. ಇನ್ನು ಕೆಲವು ಸಾಲುಗಳಲ್ಲಿ ಚೆಂಡು ಫೀಲ್ಡರ್‌ ಕಡೆ ಹೋಗುತ್ತದೆ. ಅವನ ದರ್ಜೆ 1 ಇದ್ದರೆ ನೆಮ್ಮದಿ, 5 ಇದ್ದರೆ ದೇವರೇ ಗತಿ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಅರ್ಧಕ್ಕರ್ಧ ಹಂಚಿಕೆ. ಕ್ಲೀವ್‌ಲ್ಯಾಂಡ್‌ನ ಪಿಚರ್ ಬಾಬ್ ಫೆಲ್ಲರ್ ಎಸೆಯುವ ದಿನ ಬಾಸ್ಟನ್ ಬ್ಯಾಟರ್‌ಗಳ ಕಾರ್ಡ್ ಎಷ್ಟೇ ಚೆನ್ನಾಗಿರಲಿ, ಅರ್ಧದಷ್ಟು ಸಲ ಫೆಲ್ಲರ್ ಕಾರ್ಡನ್ನೇ ನೋಡಬೇಕು. ಆ ವರ್ಷ 25 ಪಂದ್ಯ ಗೆದ್ದು 260 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾಡಿದ ಮನುಷ್ಯ. ಮೇಜಿನ ಮೇಲೂ ಅವನ ಸರದಿ ಬಂತೆಂದರೆ ಸ್ವಲ್ಪ ಹೊಟ್ಟೆ ಹಿಂಡುತ್ತದೆ.

1941 ಯಾಕೆ ಅಂದರೆ, ಆ ಒಂದೇ ವರ್ಷ ಎರಡು ದೊಡ್ಡ ಸಂಗತಿ ನಡೆದವು. ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ 0.406 ಸರಾಸರಿಯಲ್ಲಿ ಹೊಡೆದ, ಅಂದರೆ ಸಾವಿರ ಸಲ ಬ್ಯಾಟ್ ಮಾಡಿದರೆ 406 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವುದು) ಅನ್ನುವ ಲೆಕ್ಕ. ಅದಾದ ಮೇಲೆ ಅಮೆರಿಕನ್ ಲೀಗ್‌ನಲ್ಲಾಗಲಿ ನ್ಯಾಷನಲ್ ಲೀಗ್‌ನಲ್ಲಾಗಲಿ ಪೂರ್ತಿ ಸೀಸನ್‌ನಲ್ಲಿ ಯಾರೂ 0.400 ಮುಟ್ಟಿಲ್ಲ. ಯಾಂಕೀಸ್‌ನ ಜೋ ಡಿಮ್ಯಾಜಿಯೊ ಮೇ 15ರಿಂದ ಸತತ 56 ಪಂದ್ಯಗಳಲ್ಲಿ ಹಿಟ್ ಗಳಿಸಿದ. ಜುಲೈ 17ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಥರ್ಡ್ ಬೇಸ್‌ಮನ್ ಕೆನ್ ಕೆಲ್ಟ್‌ನರ್ ಎರಡು ಹೊಡೆತಗಳನ್ನು ತಡೆದು ಆ ಸರಣಿಗೆ ತೆರೆ ಎಳೆದ. ದಾಳ ಇವೆರಡನ್ನೂ ಮತ್ತೆ ತಂದುಕೊಡುತ್ತದಾ? ನೋಡೋಣ ಅಂತ ಶುರು ಮಾಡಿದೆ.

ವಿಲಿಯಮ್ಸ್ ವಿಷಯದಲ್ಲಿ ಆಟ ಮಾತು ಉಳಿಸಿಕೊಂಡಿತು. ಮೇ ತಿಂಗಳಲ್ಲಿ ಒದ್ದಾಡಿದ, ಜೂನ್‌ನಲ್ಲಿ ಕಂಡಾಪಟ್ಟೆ ಹೊಡೆದ, ಸೀಸನ್ ಮುಗಿಯುವಾಗ 0.400ಕ್ಕೆ ಸ್ವಲ್ಪ ಕೆಳಗೆ ಬಂದು ನಿಂತ. ನಡುವೆ ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟರೆ ಸಿಗುವ ಪುಕ್ಕಟೆ ಫಸ್ಟ್ ಬೇಸ್) ಮೇಲೆ ವಾಕ್. ನಿಜವಾದ ವಿಲಿಯಮ್ಸ್ ಕೂಡ ಹಾಗೇ, ಕೆಟ್ಟ ಚೆಂಡಿಗೆ ಬ್ಯಾಟ್ ಬೀಸದ ಆಸಾಮಿ.

ಡಿಮ್ಯಾಜಿಯೊ ಕೂಡ ತನ್ನ 0.357ರ ಹತ್ತಿರಕ್ಕೇ ಬಂದ. ಆದರೆ ಸರಣಿ? ಇಪ್ಪತ್ತರ ಗಡಿಯನ್ನೂ ದಾಟಲಿಲ್ಲ. ಬೇಜಾರಾಗಿ ಕಾಗದ ತೆಗೆದು ಲೆಕ್ಕ ಹಾಕಿದೆ. 0.357 ಸರಾಸರಿಯವನು ಪಂದ್ಯಕ್ಕೆ ನಾಲ್ಕು ಸಲ ಬ್ಯಾಟ್ ಮಾಡಿದರೆ, ಒಂದಾದರೂ ಹಿಟ್ ಸಿಗುವ ಸಾಧ್ಯತೆ ಸುಮಾರು 83%. ಕೇಳೋಕೆ ಜಾಸ್ತಿ ಅನ್ನಿಸುತ್ತೆ. ಆದರೆ ಯಾವುದೋ ಒಂದು ದಿನದಿಂದ ಹಿಡಿದು 56 ಪಂದ್ಯ ಬಿಡದೆ ಹಾಗಾಗಬೇಕು ಅಂದರೆ ಲಕ್ಷಕ್ಕೆ ಮೂರು ಸಲ ಆದೀತು, ಅಷ್ಟೇ. ನಿಜವಾದ ಡಿಮ್ಯಾಜಿಯೊ ಆ 56 ಪಂದ್ಯಗಳಲ್ಲಿ 223 ಸಲಕ್ಕೆ 91 ಹಿಟ್ ಹೊಡೆದಿದ್ದ, ಅಂದರೆ 0.408. ಆ ಎರಡು ತಿಂಗಳ ಬಿಸಿ ಕಾರ್ಡಿನಲ್ಲಿಲ್ಲ. ಅದು ಇಡೀ ವರ್ಷದ ಲೆಕ್ಕವನ್ನು ಸಮನಾಗಿ ಹರಡಿಬಿಟ್ಟಿದೆ.

ಹಾಗಾಗಿ ಇದು ಇತಿಹಾಸವನ್ನು ಮತ್ತೆ ತೋರಿಸುವ ಆಟ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಮಿಕ್ಕಿ ಓವೆನ್ ಕಥೆಯನ್ನೇ ನೋಡಿ. 1941ರ ವರ್ಲ್ಡ್ ಸೀರೀಸ್‌ನ (ಎರಡು ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿ) ನಾಲ್ಕನೇ ಪಂದ್ಯ, ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್, ಬ್ರೂಕ್ಲಿನ್ ಡಾಡ್ಜರ್ಸ್ 4-3ರಿಂದ ಮುಂದೆ. ಯಾಂಕೀಸ್‌ನ ಟಾಮಿ ಹೆನ್ರಿಕ್ ಮೂರನೇ ಸ್ಟ್ರೈಕ್‌ಗೆ ಬ್ಯಾಟ್ ಬೀಸಿ ತಪ್ಪಿದ. ಪಂದ್ಯ ಮುಗಿಯಿತು ಅನ್ನುವಷ್ಟರಲ್ಲಿ, ಬ್ಯಾಟರ್ ಹಿಂದೆ ಚೆಂಡು ಹಿಡಿಯಲು ಕೂತಿದ್ದ ಡಾಡ್ಜರ್ಸ್ ಕ್ಯಾಚರ್ ಓವೆನ್ ಕೈಯಿಂದ ಚೆಂಡು ಜಾರಿತು. ಆಗ ಬ್ಯಾಟರ್ ಓಡಬಹುದು. ಹೆನ್ರಿಕ್ ಫಸ್ಟ್ ಬೇಸ್ ಸೇರಿಕೊಂಡ, ಯಾಂಕೀಸ್ 7-4ರಿಂದ ಗೆದ್ದಿತು. ತಮಾಷೆ ಅಂದರೆ ಓವೆನ್ ಆ ವರ್ಷ ಒಳ್ಳೆಯ ಕ್ಯಾಚರ್. ಆ ಸೀರೀಸ್ ಎಷ್ಟು ಸಲ ಆಡಿದರೂ ಅವನ ಕಾರ್ಡ್ ಆ ಗಳಿಗೆಯಲ್ಲಿ ಚೆಂಡು ಬಿಡಲ್ಲ. ಅದರ ಬದಲು ಇನ್ಯಾರೋ ನೆನಪೇ ಇಲ್ಲದ ಬದಲಿ ಆಟಗಾರ ಬಂದು ಪಂದ್ಯದ ದಿಕ್ಕು ಬದಲಿಸುತ್ತಾನೆ. ನನ್ನನ್ನು ಇಷ್ಟು ದಿನ ಹಿಡಿದಿಟ್ಟದ್ದು ಅದೇ. ಗೊತ್ತಿರುವ ಕಥೆ ಬೇಕಿದ್ದರೆ ಓದಿದರೆ ಆಯ್ತಲ್ಲ, ದಾಳ ಯಾಕೆ?

ಇನ್ನು ಕಷ್ಟದ ವಿಷಯ. ಮೊದಲನೆಯದು ಸಮಯ. ಕೈ ಪಳಗಿದ ಮೇಲೂ ಒಂದು ಪಂದ್ಯಕ್ಕೆ ಅರ್ಧ ಗಂಟೆ ಬೇಕು. ಆಗ ಎರಡು ಲೀಗ್ ಸೇರಿ 16 ತಂಡ, ತಂಡಕ್ಕೆ 154 ಪಂದ್ಯ. ಇಡೀ ಸೀಸನ್ ಅಂದರೆ 1,232 ಪಂದ್ಯ, ಮನೆಯವರು ಹೊರಗೆ ಹಾಕುತ್ತಾರೆ. ಎರಡೇ ತಂಡ ಹಿಡಿದರೂ, ಪರಸ್ಪರ ಆಡುವ 22 ಪಂದ್ಯ ಕಳೆದು, 286 ಆಗುತ್ತದೆ.

ಎರಡನೆಯದು ಲೆಕ್ಕ ಬರೆಯುವ ಕೆಲಸ. ಯಾವ ದಿನ ಯಾರು ಎಸೆದರು, ಬ್ಯಾಟಿಂಗ್ ಕ್ರಮ ಏನು ಅನ್ನುವುದೆಲ್ಲ ರೆಟ್ರೋಶೀಟ್ ಎಂಬ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನೇ ಅನುಸರಿಸಿ. ನಿಮ್ಮ ಇಷ್ಟಕ್ಕೆ ಬಿಟ್ಟರೆ ಕೈ ಸುಮ್ನೆ ಇರಲ್ಲ. ಸೀಸನ್‌ನಲ್ಲಿ ಹತ್ತೇ ಸಲ ಬ್ಯಾಟ್ ಮಾಡಿ ಐದು ಹಿಟ್ ಹೊಡೆದವನ ಕಾರ್ಡ್ ರಾಕ್ಷಸನಂತಿರುತ್ತದೆ. ಅವನನ್ನು ದಿನಾ ಆಡಿಸಿದರೆ ಸೀಸನ್ ಹಾಳು.

ಹಳೆಯ ಸೆಟ್‌ಗಳನ್ನು ಎರಡನೇ ಕೈಯಲ್ಲಿ ಕೊಳ್ಳುವಾಗ ಎಚ್ಚರ. ನನಗೆ ಒಬ್ಬ ಮಾರಾಟಗಾರ ಕಳಿಸಿದ ಕಟ್ಟಿನಲ್ಲಿ ಕೆಲವು ಪಿಚರ್‌ಗಳ ಕಾರ್ಡೇ ಇರಲಿಲ್ಲ, ಕೇಳಿದರೆ ಉತ್ತರವೂ ಇಲ್ಲ. ಹಣ ಕೊಡುವ ಮೊದಲು ತಂಡವಾರು ಪಟ್ಟಿ ಕೇಳಿ. ಭಾರತಕ್ಕೆ ತರಿಸುವವರು ಸಾಗಣೆ ಮತ್ತು ಕಸ್ಟಮ್ಸ್ ಸುಂಕವನ್ನೂ ಸೇರಿಸಿ ನೋಡಿ.

ಕಂಪ್ಯೂಟರ್ ಆವೃತ್ತಿಯೂ ಇದೆ, ಲೆಕ್ಕವೆಲ್ಲ ತಾನೇ ಇಡುತ್ತದೆ. ನನಗೆ ರುಚಿಸಲಿಲ್ಲ. 1981ರಲ್ಲಿ ಆಟಗಾರರ ಮುಷ್ಕರದಿಂದ ಆಲ್-ಸ್ಟಾರ್ ಪಂದ್ಯ ನಿಂತಾಗ, ಕ್ಲೀವ್‌ಲ್ಯಾಂಡ್ ಸ್ಟೇಡಿಯಂ ಒಳಗೇ ಇದೇ ದಾಳದ ಆಟ ಇಟ್ಟು ಆ ಪಂದ್ಯ ಆಡಿದ್ದರು. ಆ ಹುಚ್ಚು ಮೌಸ್ ಕ್ಲಿಕ್‌ನಲ್ಲಿ ಎಲ್ಲಿ ಬರಬೇಕು?

ಬೇಸ್‌ಬಾಲ್ ನಿಯಮ ಗೊತ್ತಿಲ್ಲದವರು ಇದರಿಂದ ಕಲಿಯುವ ಆಸೆ ಬಿಡಿ. ಗೊತ್ತಿದ್ದು, ಸ್ಕೋರ್ ಬರೆಯುವುದೂ ಇಷ್ಟ ಅನ್ನುವವರು ಬೇಸಿಕ್ ನಿಯಮಗಳಲ್ಲಿ ಒಂದು ವರ್ಲ್ಡ್ ಸೀರೀಸ್ ಆಡಿ ನೋಡಿ. ಹೆಚ್ಚೆಂದರೆ ಏಳು ಪಂದ್ಯ. ಏಳನೆಯದು ಮುಗಿದ ಕೂಡಲೇ ಇನ್ನೊಂದು ಸೀಸನ್‌ನ ಕಾರ್ಡ್ ಬೆಲೆ ಹುಡುಕಲು ಶುರು ಮಾಡಿದರೆ, ಅಡ್ವಾನ್ಸ್ಡ್ ನಿಯಮಗಳಿಗೆ ಹೋಗಬಹುದು. ಐದಕ್ಕೆ ನನ್ನ ಅಂಕ ನಾಲ್ಕು. ಆ ಒಂದು ಅಂಕ ಕಳೆದದ್ದು ಚಾರ್ಟ್‌ಗಳ ನಡುವೆ ಹುಡುಕಾಡುತ್ತಾ ಕಳೆದ ಸಂಜೆಗಳಿಗೆ.