ಏರ್ ಶೋನಾ, ಮ್ಯೂಸಿಯಮ್ಮಾ, ನಮ್ಮನೆ ಟೆರೇಸಾ? ವಿಮಾನ ನೋಡಲು ಸುತ್ತಿದ ಜಾಗಗಳು

ನಮ್ಮ ಮನೆ ಇರುವುದು ಯಲಹಂಕದಲ್ಲಿ. ವರ್ಷ ಬಿಟ್ಟು ವರ್ಷ ಫೆಬ್ರವರಿ ಬಂತೆಂದರೆ ಇಲ್ಲಿ ಎರಡು ಬದಲಾವಣೆ ಆಗುತ್ತವೆ. ತಲೆ ಮೇಲೆ ಯುದ್ಧವಿಮಾನ ಸುತ್ತುತ್ತವೆ, ಕೆಳಗೆ ಮಟನ್ ಅಂಗಡಿಗಳು ಬಾಗಿಲು ಹಾಕುತ್ತವೆ. 2025ರಲ್ಲಿ ವಾಯುನೆಲೆಯ ಸುತ್ತ 13 ಕಿ.ಮೀ. ಒಳಗೆ ಮಾಂಸ ಮಾರುವಂತಿಲ್ಲ ಅಂತ ಪಾಲಿಕೆ ಆದೇಶ ಹೊರಡಿಸಿತ್ತು. ಅಂಗಡಿಯವರು ಎಸೆಯುವ ಚೂರುಪಾರಿಗೆ ಹದ್ದುಗಳು ಸೇರುತ್ತವೆ. ಒಂದು ಹದ್ದು ಇಂಜಿನ್ನಿಗೆ ನುಗ್ಗಿದರೆ ಕಥೆ ಮುಗೀತು. ಹಾಗಾಗಿ ನಮ್ಮ ಬೀದಿಯ ಅರ್ಧ ಜನಕ್ಕೆ ಇಲ್ಲಿ ನಡೆಯುವ ವಿಮಾನ ಪ್ರದರ್ಶನ ಏರೋ ಇಂಡಿಯಾ ಅಂದ್ರೆ ಬಿರಿಯಾನಿ ಸಿಗದ ದಿನಗಳು, ಅಷ್ಟೇ.

ನಾನು ಆ ಗುಂಪಿನವನಲ್ಲ. ಚಿಕ್ಕಂದಿನಿಂದ ವಿಮಾನದ ಸದ್ದು ಕೇಳಿದರೆ ಊಟ ಬಿಟ್ಟು ಆಚೆ ಓಡುವ ಜಾತಿ. ಅಕ್ಕನ ಮಗನಿಗೂ ಅದೇ ಹುಚ್ಚು ಅಂಟಿದೆ. ಈಗ 11 ವರ್ಷ ಅವನಿಗೆ. “ಮಾಮ, ವಿಮಾನ ನೋಡೋಕೆ ಎಲ್ಲಿ ಬೆಸ್ಟು?” ಅಂತ ಒಂದಿನ ಕೇಳಿದ. ಹಿಂದೆಮುಂದೆ ನೋಡದೆ “ಏರೋ ಇಂಡಿಯಾ” ಅಂದೆ. ಆಮೇಲೆ ಅವನನ್ನು ಕರೆದುಕೊಂಡು ನಾಲ್ಕೈದು ಕಡೆ ಸುತ್ತಿ ಬಂದಿದ್ದೇನೆ. ಈಗ ಆ ಉತ್ತರ ವಾಪಸ್ ತಗೊಳ್ಳುತ್ತಿದ್ದೇನೆ.

ಏರೋ ಇಂಡಿಯಾದಿಂದಲೇ ಶುರು ಮಾಡೋಣ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತಿದೆ. 2025ರದ್ದು ಫೆಬ್ರವರಿ 10ರಿಂದ 14. ಮೊದಲ ಮೂರು ದಿನ ವ್ಯಾಪಾರದವರಿಗೆ, ಕೊನೆಯ ಎರಡು ದಿನ ನಮ್ಮಂಥವರಿಗೆ. 1000 ರೂಪಾಯಿ ಟಿಕೆಟ್ ಬರೀ ಹಾರಾಟ ನೋಡುವ ಬಯಲಿಗೆ. ಮಳಿಗೆಗಳನ್ನೂ ನಿಲ್ಲಿಸಿಟ್ಟ ವಿಮಾನಗಳನ್ನೂ ನೋಡಬೇಕೆಂದರೆ 2500. ನಾವು ಸಾವಿರದ್ದನ್ನೇ ತಗೊಂಡೆವು. ಹಾರೋದನ್ನ ನೋಡೋಕೆ ತಾನೇ ಹೋಗೋದು ಅನ್ನೋದು ಆಗಿನ ನನ್ನ ಲೆಕ್ಕ.

ಆ ವರ್ಷದ ಹೀರೋ ಸುಖೋಯ್-57 ಯುದ್ಧವಿಮಾನ. ರಷ್ಯಾದ ಇದೂ ಅಮೆರಿಕದ ಎಫ್-35ವೂ ಒಂದೇ ಪ್ರದರ್ಶನದಲ್ಲಿ ಕಾಣಿಸಿಕೊಂಡಿದ್ದು ಅದೇ ಮೊದಲು. ಸುಖೋಯ್ ಎದುರಿಗೆ ಬಂದು ಮೂತಿ ಮೇಲೆತ್ತಿ, ಬಾಲದ ಮೇಲೆ ನಿಂತಂತೆ ನಿಧಾನವಾಯಿತು. ಈಗ ಬಿತ್ತು ಅಂದುಕೊಂಡೆ. ಅಷ್ಟರಲ್ಲಿ ಬೆಂಕಿ ಉಗುಳಿ ನೆಟ್ಟಗೆ ಮೇಲಕ್ಕೆ ಹೋಯಿತು. ಆ ಸದ್ದು ಕಿವಿಗೆ ಕೇಳಿಸುವುದಲ್ಲ, ಎದೆಗೂಡಿಗೆ ಬಡಿಯುತ್ತದೆ. ಕೈಯಲ್ಲಿದ್ದ ನೀರಿನ ಬಾಟಲಿ ನಡುಗಿದ್ದು ಬೆರಳಿಗೆ ಗೊತ್ತಾಯಿತು. ಇದನ್ನು ಯಾವ ಮ್ಯೂಸಿಯಮ್ಮೂ ಕೊಡಲ್ಲ, ಯಾವ ವಿಡಿಯೋನೂ ಕೊಡಲ್ಲ. ವಾಯುಪಡೆಯ ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳೂ ಚೆನ್ನಾಗಿ ಆಡಿದವು. ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್‌ಗಳು ಮಾತ್ರ ಇರಲಿಲ್ಲ. ಜನವರಿಯಲ್ಲಿ ಪೋರಬಂದರಿನಲ್ಲಿ ಒಂದು ಧ್ರುವ್ ಅಪಘಾತ ಆದಮೇಲೆ ಧ್ರುವ್‌ಗಳನ್ನೆಲ್ಲ ಹಾರಿಸದೆ ನಿಲ್ಲಿಸಿದ್ದರು.

ಆದರೆ ಮನೆಗೆ ಬಂದು ಲೆಕ್ಕ ಹಾಕಿದೆ. ನಾನು ತೆಗೆದ ಫೋಟೋ 600ರ ಮೇಲೆ. ಅದರಲ್ಲಿ ಮುಕ್ಕಾಲು ಪಾಲು ಬರೀ ನೀಲಿ ಆಕಾಶ. ಉಳಿದದ್ದರಲ್ಲಿ ಮುಂದೆ ನಿಂತವರ ಮೊಬೈಲು, ಟೋಪಿ. ತಪ್ಪು ನಂದೇ ಬಿಡಿ, ವಿಮಾನದ ವೇಗಕ್ಕೆ ಕ್ಯಾಮೆರಾ ತಿರುಗಿಸುವ ಅಭ್ಯಾಸ ಇರಲಿಲ್ಲ. ಇದಕ್ಕಿಂತ ದೊಡ್ಡ ವಿಷಯ, ಹುಡುಗ ಇಡೀ ದಿನ ಹಾರಿದ್ದಕ್ಕೆಲ್ಲ “ತೇಜಸ್! ತೇಜಸ್!” ಅಂತ ಕೂಗಿದ. ಏಳೆಂಟು ಬಗೆ ವಿಮಾನ ನೋಡಿದ, ಒಂದನ್ನೂ ಗುರುತು ಹಿಡಿಯಲಿಲ್ಲ. ಅಷ್ಟು ಜೋರಾಗಿ ಹೋದರೆ ಯಾರಿಗೆ ತಾನೇ ಗೊತ್ತಾಗುತ್ತೆ?

ಇನ್ನು ನಮ್ಮ ಟೆರೇಸು. ಖರ್ಚು ಸೊನ್ನೆ. ಶೋಗೆ ಮುಂಚಿನ ದಿನಗಳಲ್ಲಿ ರಿಹರ್ಸಲ್ ನಡೆಯುತ್ತದಲ್ಲ, ಅದು ಟಿಕೆಟ್ ಶೋಗಿಂತ ಒಂದು ವಿಷಯದಲ್ಲಿ ಮೇಲು: ಒಂದೇ ವರಸೆಯನ್ನು ಮತ್ತೆ ಮತ್ತೆ ಮಾಡುತ್ತಾರೆ. ಮೊದಲ ಸಲ ತಪ್ಪಿದ್ದು ಮೂರನೇ ಸಲ ಕಣ್ಣಿಗೆ ಸಿಗುತ್ತದೆ. ನಿಮ್ಮ ಕುರ್ಚಿ, ನಿಮ್ಮ ಕಾಫಿ. ಯಲಹಂಕ, ಕೋಗಿಲು, ಹುಣಸಮಾರನಹಳ್ಳಿ ಕಡೆ ಯಾರಾದರೂ ನೆಂಟರಿದ್ದರೆ ಆ ವಾರ ನೋಡಿಕೊಂಡು ಬರೋ ನೆಪ ಹೇಳಿ ಹೋಗಿ.

ಟೆರೇಸಿನ ಇನ್ನೊಂದು ಲಾಭ, ಶೋ ಇಲ್ಲದ ಕಾಲದಲ್ಲೂ ವಾಯುಪಡೆಯ ಸರಕು ವಿಮಾನ ಎಎನ್-32 ಬರುತ್ತಿರುತ್ತದೆ. ಸರಕು ವಿಮಾನ ಹಾರಿಸುವ ಪೈಲಟ್‌ಗಳಿಗೆ ತರಬೇತಿ ಇಲ್ಲೇ. ಅಮ್ಮ ಒಂದಿನ ಸಂಡಿಗೆ ಹರವುತ್ತಿದ್ದರು. ಹುಡುಗ ಬೈನಾಕ್ಯುಲರ್ ಹಿಡಿದು ಹುಡುಕುತ್ತಿದ್ದ. ಅಮ್ಮ ತಲೆ ಕೂಡ ಎತ್ತದೆ, “ಅದು ದಿನಾ ಬರೋದು ಕಣೋ ಪುಟ್ಟ, ಗೊರಗೊರ ಅನ್ನತ್ತಲ್ಲ, ಆ ದಪ್ಪಂದು” ಅಂದರು. ಹತ್ತಿರ ಬಂದಾಗ ನೋಡಿದರೆ ಎಎನ್-32 ತಾನೇ! ಅದನ್ನು ಕಣ್ಣಿನಿಂದ ಗುರುತಿಸುವುದೂ ಸುಲಭ. ಬೇರೆ ವಿಮಾನಗಳಲ್ಲಿ ಇಂಜಿನ್ ರೆಕ್ಕೆಗೆ ಜೋತುಬಿದ್ದಿರುತ್ತದೆ. ಇದರಲ್ಲಿ ರೆಕ್ಕೆಯ ಮೇಲೆ ಕೂತಿರುತ್ತದೆ, ಮೂಟೆ ಹೊತ್ತ ಹಾಗೆ.

ಒಂದು ಮಾತು. ವಾಯುನೆಲೆಯ ಗೋಡೆ, ಗೇಟು, ರನ್‌ವೇ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ‘ಫೋಟೋ ನಿಷೇಧ’ ಬೋರ್ಡು ಹಾಕಿರುವುದು ಅಂದಕ್ಕಲ್ಲ. ನಾನು ಟೆರೇಸಿಗೆ ಬೈನಾಕ್ಯುಲರ್ ಮಾತ್ರ ಒಯ್ಯುತ್ತೇನೆ. ಅದರಿಂದ ನೋಡುವುದೂ ಜಾಸ್ತಿ ಆಗಿದೆ.

ಗುರುತು ಹಿಡಿಯೋದನ್ನ ಹುಡುಗ ಕಲಿತದ್ದು ಮಾತ್ರ ಎಚ್‌ಎಎಲ್ ಮ್ಯೂಸಿಯಂನಲ್ಲಿ. ಹಳೇ ಏರ್‌ಪೋರ್ಟ್ ರಸ್ತೆ ಕಡೆ, 2001ರಲ್ಲಿ ಶುರುವಾದದ್ದು. ಎಚ್‌ಟಿ-2 ಇದೆ, ಡಾ. ಘಾಟಗೆ ವಿನ್ಯಾಸ ಮಾಡಿದ ತರಬೇತಿ ವಿಮಾನ, ಮೊದಲು ಹಾರಿದ್ದು 1951ರಲ್ಲಿ. ಕಿರಣ್ ಇದೆ, ಮಿಗ್-21 ಇದೆ, ಕ್ಯಾನ್‌ಬೆರಾ ಇದೆ. ಅಜೀತ್ ಎಷ್ಟು ಪುಟ್ಟದು ಅಂದ್ರೆ, ಇದರಲ್ಲಿ ಕೂತು ಯುದ್ಧಕ್ಕೆ ಹೋಗ್ತಿದ್ರಾ ಅಂತ ಹುಡುಗ ಎರಡು ಸಲ ಕೇಳಿದ.

ನನ್ನ ಕಣ್ಣಿದ್ದದ್ದು ಮಾರುತ್ ಮೇಲೆ. ಎಚ್‌ಎಫ್-24. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕೆ-ವುಲ್ಫ್ 190 ಯುದ್ಧವಿಮಾನ ಮಾಡಿಕೊಟ್ಟ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ಇಲ್ಲಿನ ಹುಡುಗರ ಜೊತೆ ಕೂತು ಮಾಡಿದ ವಿಮಾನ. 1961ರ ಜೂನ್ 17ರಂದು ಮೊದಲು ಹಾರಿತು. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತ್ ಪರೀಕ್ಷೆಯಲ್ಲೇ ಅವರು ತೀರಿಕೊಂಡರು. ನಾವು ದಿನಾ ಟ್ರಾಫಿಕ್‌ನಲ್ಲಿ ಬೈದುಕೊಂಡು ದಾಟುವ ಸುರಂಜನ್‌ದಾಸ್ ರಸ್ತೆ ಅವರ ಹೆಸರಿನದ್ದು. ಮ್ಯೂಸಿಯಂಗೆ ಹೋಗುವ ದಾರಿಯಲ್ಲಿ ಆ ಬೋರ್ಡ್ ತೋರಿಸಿ ಹುಡುಗನಿಗೆ ಕಥೆ ಹೇಳಿದ್ದೆ. ಮಾರುತ್ ಮುಂದೆ ಅವನು ಸುಮ್ನೆ ನಿಂತುಬಿಟ್ಟ.

ಸುತ್ತು ಹಾಕಿ ನೋಡಿ. ಮುಂದಿನಿಂದ ಚೂಪಾದ ಉದ್ದ ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ. ಹಿಂದೆ ಹೋದರೆ ಅಕ್ಕಪಕ್ಕ ಎರಡು ಇಂಜಿನ್ ಕೊಳವೆ. ನೋಡಲು ಎಷ್ಟು ಚೆಂದವೋ ಶಕ್ತಿ ಅಷ್ಟಿರಲಿಲ್ಲ. ಅಂದುಕೊಂಡ ವೇಗಕ್ಕೆ ಬೇಕಾದ ಇಂಜಿನ್ ಕೊನೆಗೂ ಸಿಗಲಿಲ್ಲ, ಆರ್ಫಿಯಸ್ ಇಂಜಿನ್‌ನಲ್ಲೇ ತೂಗಿಸಬೇಕಾಯಿತು. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿ ತೋರಿಸಿತು. ಒಟ್ಟು 147 ಮಾಡಿದರು. ನಾವು ಅಲ್ಲಿ ನಿಂತಿದ್ದಾಗಲೇ ರನ್‌ವೇ ಕಡೆಯಿಂದ ಒಂದು ಗುಡುಗು ಬಂತು. ತೇಜಸ್ ಮೇಲೆ ಹೋಯಿತು. ಈ ಸಲ ನಿಜವಾಗಿಯೂ ತೇಜಸ್! ಹುಡುಗ ಬಾಲ ನೋಡಿದ: “ಬಾಲದ ಹತ್ರ ಚಿಕ್ಕ ರೆಕ್ಕೆ ಇಲ್ಲ ಮಾಮ. ಮಿಗ್‌ಗೆ ಇತ್ತು.” ಸರಿಯಾಗಿ ಹೇಳಿದ. ಮಿಗ್-21ಕ್ಕೂ ತ್ರಿಕೋನದ ರೆಕ್ಕೆಯೇ, ಆದರೆ ಹಿಂದೆ ಬೇರೆ ಚಿಕ್ಕ ರೆಕ್ಕೆ ಇದೆ. ಐದು ನಿಮಿಷ ಮುಂಚೆ ನಿಂತ ಮಿಗ್ ಅನ್ನು ಮುಟ್ಟುವಷ್ಟು ಹತ್ತಿರದಿಂದ ನೋಡಿದ್ದರಿಂದ ಹಾರುವುದು ಅರ್ಥವಾಯಿತು. ಸಾವಿರ ರೂಪಾಯಿ ಬಯಲಿನಲ್ಲಿ ಇದು ಆಗಿರಲಿಲ್ಲ.

ಅಂದಹಾಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆಯೂ ಒಂದು ಮಾರುತ್ ಇದೆ. ಸ್ಕೂಲ್ ಟ್ರಿಪ್ಪಿನಲ್ಲಿ ಅದರ ಕೆಳಗೆ ಪುಳಿಯೋಗರೆ ಡಬ್ಬಿ ತೆಗೆದವರು ನನ್ನ ವಯಸ್ಸಿನವರಲ್ಲಿ ಎಷ್ಟು ಜನವೋ.

ಬೀದರ್ ಬಗ್ಗೆ ಜಾಸ್ತಿ ಹೇಳುವಷ್ಟು ಅನುಭವ ಇಲ್ಲ. ಮದುವೆಗೆ ಹೋಗಿದ್ದು, ಕೋಟೆ ನೋಡಲು ಹತ್ತಿದ್ದು, ಅಷ್ಟರಲ್ಲಿ ಹಾಕ್‌ಗಳು ಸಾಲಾಗಿ ಹೋದವು. ಸೂರ್ಯಕಿರಣ್ ತಂಡದ ಮನೆಯೇ ಬೀದರ್. ಆ ಊರಿನವರು ತಲೆ ಎತ್ತಿಯೂ ನೋಡಲಿಲ್ಲ. ನನಗೆ ಹೊಟ್ಟೆ ಉರಿಯಿತು. ಆದರೆ ಅದೃಷ್ಟ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದಕ್ಕೆಂದೇ ರೈಲು ಹತ್ತಬೇಡಿ.

ಗೋವಾಕ್ಕೆ ಮಾತ್ರ ಇದಕ್ಕೆಂದೇ ಹೋಗಬಹುದು. ದಾಬೋಲಿಂ ಏರ್‌ಪೋರ್ಟ್ ಹತ್ತಿರ, ಬೋಗ್ಮಾಲೋ ಬೀಚಿಗೆ ಹೋಗುವ ರಸ್ತೆಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. 1998ರದ್ದು. ಜನ ಮುಂದಿನ ಬೀಚಿಗೆ ಹೋಗುವ ಅವಸರದಲ್ಲಿ ಅದರ ಗೇಟ್ ದಾಟಿಬಿಡುತ್ತಾರೆ. ನಮ್ಮ ಮನೆಯವರೂ ಹಾಗೇ ಹೋದರು. ನಾವಿಬ್ಬರು ಇಳಿದುಕೊಂಡೆವು.

ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳೋದು ಸೂಪರ್ ಕಾನ್‌ಸ್ಟೆಲೇಷನ್. ಒಂದು ಕಾಲಕ್ಕೆ ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತಿದ್ದು, ಆಮೇಲೆ ವಾಯುಪಡೆಗೆ, ಅಲ್ಲಿಂದ ನೌಕಾಪಡೆಗೆ. ಮೀನಿನ ಹಾಗೆ ಬಳುಕಿದ ಮೈ, ಹಿಂದೆ ಒಂದಲ್ಲ, ಮೂರು ನೆಟ್ಟನೆ ಬಾಲ. ನಾಲ್ಕು ಪ್ರೊಪೆಲ್ಲರ್. ಇಂಥ ವಿಮಾನ ಇನ್ಯಾರೂ ಮಾಡಲ್ಲ. ನಾನು ಅದರ ನೆರಳಿನಲ್ಲಿ ಹತ್ತು ನಿಮಿಷ ಕೂತೆ. ಯಾರೂ ಎಬ್ಬಿಸಲಿಲ್ಲ.

ಹುಡುಗನಿಗೆ ಹಿಡಿಸಿದ್ದು ಸೀ ಹ್ಯಾರಿಯರ್. ಓಡದೆ ನಿಂತಲ್ಲಿಂದಲೇ ಏಳಬಲ್ಲ, ನಿಂತಲ್ಲೇ ಇಳಿಯಬಲ್ಲ ವಿಮಾನ, ನಮ್ಮಲ್ಲಿ 2016ರಲ್ಲಿ ನಿವೃತ್ತಿ. ಏರ್ ಶೋ ವಿಡಿಯೋದಲ್ಲಿ ಎಷ್ಟು ಸಲ ನೋಡಿದರೂ ಅದು ಹೇಗೆ ಅಂತ ಅವನಿಗೆ ಹೊಳೆದಿರಲಿಲ್ಲ. ಇಲ್ಲಿ ಬಗ್ಗಿ ನೋಡಿದ. ಹೊಟ್ಟೆಯ ಎರಡೂ ಪಕ್ಕ ಎರಡೆರಡು, ಒಟ್ಟು ನಾಲ್ಕು ಮೂತಿ, ಇಂಜಿನ್ನಿನ ಗಾಳಿ ಹೊರಬರೋದು ಇವುಗಳಿಂದ. ಅವು ತಿರುಗುತ್ತವೆ. ಹಿಂದಕ್ಕೆ ತಿರುಗಿದರೆ ಮುಂದೆ ಓಟ, ಕೆಳಕ್ಕೆ ತಿರುಗಿದರೆ ಮೇಲಕ್ಕೆ ಏರಿಕೆ. “ನಲ್ಲಿ ತಿರುಗಿಸಿದ ಹಾಗೆ” ಅಂದ. ಚಕ್ರಗಳೂ ವಿಚಿತ್ರ. ಹೊಟ್ಟೆಯ ಕೆಳಗೆ ಹಿಂದೆ ಮುಂದೆ ಸೈಕಲ್ ಥರ, ಜೊತೆಗೆ ರೆಕ್ಕೆಗಳಿಂದ ಇಳಿದ ಎರಡು ಪುಟ್ಟ ಚಕ್ರ, ಸೈಕಲ್ ಕಲಿಯೋ ಮಕ್ಕಳಿಗೆ ಹಾಕ್ತಾರಲ್ಲ ಹಾಗೆ. ಪಕ್ಕದಲ್ಲಿ ಅಲಿಜೆ, ಸೀ ಹಾಕ್. ಎರಡೂ ಹಳೇ ವಿಕ್ರಾಂತ್ ಹಡಗಿನ ಮೇಲಿಂದ ಹಾರಿದಂಥವು. ವಿಮಾನದ ಮೇಲೆ ಬರೆದ ಸಂಖ್ಯೆ ‘ಐಎನ್’ ಅಂತ ಶುರುವಾದರೆ ನೌಕಾಪಡೆಯದು ಅನ್ನೋದನ್ನು ಹುಡುಗ ತಾನೇ ಕಂಡುಹಿಡಿದ.

ಹೊರಗಡೆ ನಿಲ್ಲಿಸಿರುವುದರಿಂದ ಮಧ್ಯಾಹ್ನ ಹೋಗಬೇಡಿ, ಬೆಳಗ್ಗೆಯೇ ಹೋಗಿ. ಸೋಮವಾರ ರಜ.

ಯಾರಾದರೂ ಒಂದೇ ಕಡೆ ಹೋಗಬೇಕು ಅಂದರೆ ಈಗ ನಾನು ಹೇಳುವುದು ಗೋವಾ. ದೂರ ಆಯಿತು ಅಂದರೆ ಎಚ್‌ಎಎಲ್. ಏರೋ ಇಂಡಿಯಾ ಮೂರನೆಯದು, ಅದೂ ಇವೆರಡನ್ನು ನೋಡಿದ ಮೇಲೆ. ಹೋಗುವುದಾದರೆ ನಿಲ್ಲಿಸಿಟ್ಟ ವಿಮಾನಗಳನ್ನೂ ನೋಡುವ ಟಿಕೆಟ್ಟೇ ತಗೊಳ್ಳಿ. ಸದ್ದು ನಮ್ಮ ಟೆರೇಸಿಗೂ ಪುಕ್ಕಟೆ ಬರುತ್ತದೆ, ನಿಂತ ಎಫ್-35 ಬರಲ್ಲ. ನನ್ನ ಸ್ನೇಹಿತರಲ್ಲಿ ಇದನ್ನು ಒಪ್ಪದವರೇ ಜಾಸ್ತಿ. ಹಾರದ ವಿಮಾನ ಎಂಥ ವಿಮಾನ ಅನ್ನುತ್ತಾರೆ. ಸುಖೋಯ್ ಸದ್ದು ನೆನಪಾದಾಗ ನನಗೂ ಒಂದು ಕ್ಷಣ ಹಾಗೇ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಗೋವಾದಿಂದ ವಾಪಸ್ ಬರುತ್ತಾ ಕಾರವಾರದಲ್ಲಿ ನಿಲ್ಲಿಸಿದೆವು. ಟ್ಯಾಗೋರ್ ಬೀಚಿನಲ್ಲಿ ಚಾಪಲ್ ಯುದ್ಧನೌಕೆ ಪಕ್ಕ ಈಗ ನೌಕಾಪಡೆಯ ಹಳೇ ಗಸ್ತು ವಿಮಾನ ಟುಪೊಲೆವ್-142 ಇದೆ. ತಮಿಳುನಾಡಿನ ಅರಕ್ಕೋಣಂನಿಂದ ಬಿಚ್ಚಿ, ಲಾರಿಗಳಲ್ಲಿ ತಂದು ಜೋಡಿಸಿದ್ದು. ಉದ್ದ 53 ಮೀಟರ್. ಹೆದ್ದಾರಿಯಿಂದಲೇ ಕಾಣುತ್ತದೆ. ಒಂದೊಂದು ಇಂಜಿನ್ನಿಗೂ ಒಂದರ ಹಿಂದೆ ಒಂದು, ಎರಡೆರಡು ಪ್ರೊಪೆಲ್ಲರ್. ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಮನೆಯವರೆಲ್ಲ ಎಳನೀರಿಗೆ ಹೋದರು. ಹುಡುಗ ರೆಕ್ಕೆಯ ಕೆಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಬೆರಳು ಮಡಚಿ ಪ್ರೊಪೆಲ್ಲರ್‌ಗಳ ಎಲೆಗಳನ್ನು ಎಣಿಸಿದ. ಲೆಕ್ಕ ತಪ್ಪಿತು. ವಾಪಸ್ ಹೋಗಿ ಮತ್ತೆ ಎಣಿಸಿದ.

“32, ಮಾಮ.”