ಅಜೋರ್ಸ್ ದ್ವೀಪಗಳಲ್ಲಿ ಚಿತ್ರ ತೆಗೆಯಲು ಹೊರಟವರಿಗೆ ‘ಸ್ಪಾಟ್‌ಅಜೋರ್ಸ್’ ಸೇವೆ: ಒಂದು ವಿಮರ್ಶೆ

ಅಟ್ಲಾಂಟಿಕ್ ಸಾಗರದ ನಡುವೆ, ಲಿಸ್ಬನ್ನಿನಿಂದ ಪಶ್ಚಿಮಕ್ಕೆ 1,400 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ, ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್‌ನ ಒಂಬತ್ತು ಜ್ವಾಲಾಮುಖಿ ದ್ವೀಪಗಳಿಗೆ ಭೂದೃಶ್ಯಗಳ ಚಿತ್ರ ತೆಗೆಯಲೆಂದು ಹೊರಡುವವರು ಯಾವ ಲೆನ್ಸು ಒಯ್ಯಬೇಕು, ಯಾವ ಫಿಲ್ಟರು ಒಯ್ಯಬೇಕು ಎಂದು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಅಲ್ಲಿ ಓಡಾಡಿ ಬಂದ ಮೇಲೆ ನನಗೆ ಮನದಟ್ಟಾಗಿರುವುದೇನೆಂದರೆ, ಬೆಳಿಗ್ಗೆ ಕಾರು ಹತ್ತುವ ಮೊದಲು ಯಾವ ಬೆಟ್ಟದ ಮೇಲೆ ಮೋಡ ಕೂತಿದೆ, ಯಾವುದು ತೆರೆದಿದೆ ಎಂದು ತಿಳಿದವರಿಗೆ ಮಾತ್ರ ಆ ದಿನ ದಕ್ಕುತ್ತದೆ. ಆ ತಿಳಿವಳಿಕೆಯನ್ನು ಕಣ್ಣಾರೆ ಕಾಣುವಂತೆ ಒದಗಿಸುವ ಸ್ಪಾಟ್‌ಅಜೋರ್ಸ್ ಎಂಬ ಉಚಿತ ಸೇವೆಯನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಈ ದ್ವೀಪಗಳಿಗೆ ಹೋಗುವ ಛಾಯಾಗ್ರಾಹಕನಿಗೆ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದರ ಪೂರ್ತಿ ಪ್ರಯೋಜನ ಸಿಗಬೇಕಾದರೆ ಪ್ರವಾಸವನ್ನೇ ಅದಕ್ಕೆ ತಕ್ಕಂತೆ ರೂಪಿಸಿಕೊಳ್ಳಬೇಕಾಗುತ್ತದೆ.

ಸೇವೆ ಸರಳವಾದದ್ದು. ಒಂಬತ್ತು ದ್ವೀಪಗಳಲ್ಲೂ ಜ್ವಾಲಾಮುಖಿ ಕುಳಿಗಳ ಅಂಚು, ಕೆರೆಗಳ ದಡ, ಬಂದರು, ಕಡಲತೀರಗಳಲ್ಲಿ ನೆಟ್ಟಿರುವ ಕ್ಯಾಮೆರಾಗಳು ಆ ಕ್ಷಣದ ದೃಶ್ಯವನ್ನು ನೇರವಾಗಿ ತೋರಿಸುತ್ತಿರುತ್ತವೆ. ಜಾಲತಾಣದಲ್ಲೂ ನೋಡಬಹುದು, ಫೋನಿನ ಆ್ಯಪ್‌ನಲ್ಲೂ ನೋಡಬಹುದು. ದ್ವೀಪವನ್ನು ಆರಿಸಿಕೊಂಡು ಕ್ಯಾಮೆರಾದ ಹೆಸರನ್ನು ಒತ್ತಿದರೆ ಸಾಕು.

ಇಷ್ಟು ಸಣ್ಣ ಸೌಲಭ್ಯಕ್ಕೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ದ್ವೀಪಗಳ ರಚನೆಯಲ್ಲೇ ಕಾರಣವಿದೆ. ಉತ್ತರ ಅಮೆರಿಕ, ಯುರೇಷಿಯಾ ಮತ್ತು ಆಫ್ರಿಕಾ ಭೂಫಲಕಗಳು ಸಂಧಿಸುವ ತಾಣದ ಆಸುಪಾಸಿನಲ್ಲಿ ಲಾವಾ ಉಕ್ಕಿ ಎದ್ದ ಈ ನೆಲ ಕಡಲಿನಿಂದ ಕಡಿದಾಗಿ ಮೇಲೇರುತ್ತದೆ. ಸಾಗರದ ಮೇಲಿನಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲಕ್ಕೆ ಏರುತ್ತಲೇ ತಣಿದು ಮೋಡವಾಗುತ್ತದೆ. ಹೀಗಾಗಿ ತೀರದ ಊರಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಅರ್ಧ ಗಂಟೆಯ ದಾರಿಯಲ್ಲಿರುವ ಕುಳಿಯ ಅಂಚಿನಲ್ಲಿ ಹತ್ತು ಹೆಜ್ಜೆ ಮುಂದಿನದೂ ಕಾಣದಂತಹ ಮಂಜು ಕವಿದಿರಬಹುದು. ಗಾಳಿ ಬೀಸುವ ಮಗ್ಗುಲು ಮುಚ್ಚಿದ್ದರೆ ಅದರ ಎದುರು ಮಗ್ಗುಲು ತೆರೆದಿರುವುದೂ ಉಂಟು. ಒಂದೇ ದಿನದಲ್ಲಿ ನಾಲ್ಕು ಋತುಗಳು ಎಂದು ಅಲ್ಲಿಯ ಜನ ಹೇಳುವುದನ್ನು ಕೇಳದೆ ಯಾರೂ ವಾಪಸಾಗುವುದಿಲ್ಲ. ದ್ವೀಪಕ್ಕೆ ಒಟ್ಟಾಗಿ ಒಂದು ಚಿಹ್ನೆ ತೋರಿಸುವ ಹವಾಮಾನ ಮುನ್ಸೂಚನೆಯಿಂದ ಇಂಥ ಕಡೆ ಹೆಚ್ಚು ನೆರವು ಸಿಗುವುದಿಲ್ಲ. ಅರ್ಧ ಮೋಡ, ಅರ್ಧ ಸೂರ್ಯನ ಚಿಹ್ನೆಯನ್ನು ಅದು ಬಹುತೇಕ ದಿನಗಳಲ್ಲಿ ತೋರಿಸುತ್ತಲೇ ಇರುತ್ತದೆ.

ಊರಿನಲ್ಲಿದ್ದಾಗಲೇ ಈ ಸೇವೆಯನ್ನು ಬಳಸಲು ಆರಂಭಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬೇಸಿಗೆಯಲ್ಲಿ ಅಜೋರ್ಸ್‌ನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಿ ಆರೂವರೆ ಗಂಟೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಬೆಂಗಳೂರಿನಲ್ಲಿ ಮಧ್ಯಾಹ್ನದ ಹನ್ನೆರಡರ ಆಸುಪಾಸು. ಕಚೇರಿಯ ಊಟದ ಬಿಡುವಿನಲ್ಲಿ ಅಲ್ಲಿಯ ಬೆಳಗನ್ನು ದಿನವೂ ನೋಡುತ್ತಾ ಬಂದರೆ, ಯಾವ ಕುಳಿ ಬೆಳಿಗ್ಗೆ ತೆರೆದುಕೊಳ್ಳುತ್ತದೆ, ಯಾವುದಕ್ಕೆ ಮಧ್ಯಾಹ್ನದವರೆಗೆ ಕಾಯಬೇಕು, ಗಾಳಿಯ ದಿಕ್ಕು ಬದಲಾದಾಗ ಮೋಡ ಎಲ್ಲಿಗೆ ಸರಿಯುತ್ತದೆ ಎಂಬ ಅಂದಾಜು ತಾನಾಗಿ ಮೂಡುತ್ತದೆ. ಸುಂದರವಾದ ಚಿತ್ರಗಳನ್ನಷ್ಟೇ ನೋಡಿ ಹೊರಟವರಿಗೆ ಈ ಅಂದಾಜು ಇರುವುದಿಲ್ಲ. ಏಕೆಂದರೆ ಮಂಜು ಮುಚ್ಚಿದ ದಿನದ ಚಿತ್ರವನ್ನು ಯಾರೂ ಪ್ರಕಟಿಸುವುದಿಲ್ಲ.

ಸ್ಥಳದಲ್ಲಿ ಇದು ಹೇಗೆ ನೆರವಾಗುತ್ತದೆ ಎಂಬುದಕ್ಕೆ ಸಾವ್ ಮಿಗೆಲ್ ದ್ವೀಪದ ಲಗೋವಾ ದೊ ಫೋಗೊ ಕೆರೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1563ರಲ್ಲಿ ಕೊನೆಯ ಬಾರಿ ಸಿಡಿದ ಜ್ವಾಲಾಮುಖಿಯ ಕುಳಿಯಲ್ಲಿ ತುಂಬಿಕೊಂಡಿರುವ ಈ ಕೆರೆಯ ಪಕ್ಕದಲ್ಲೇ 947 ಮೀಟರ್ ಎತ್ತರದ ಪೀಕೊ ದ ಬರೋಸಾ ಬೆಟ್ಟವಿದೆ. ದ್ವೀಪದ ನಡುವಿನ ಈ ಎತ್ತರಕ್ಕೆ ಮೋಡ ಬಹಳ ಬೇಗ ಬಂದು ಅಂಟಿಕೊಳ್ಳುತ್ತದೆ. ಪೊಂಟಾ ಡೆಲ್ಗಾಡಾ ನಗರದ ವಸತಿಯಲ್ಲಿ ಕುಳಿತು ಫೋನಿನಲ್ಲಿ ನೋಡಿದರೆ ಮೊದಲು ಬರೀ ಬಿಳಿಯ ಚೌಕಟ್ಟು ಕಾಣುತ್ತದೆ. ಕಾಫಿ ಕುಡಿದು ಮತ್ತೆ ನೋಡಿದಾಗ ಚೌಕಟ್ಟಿನ ಕೆಳಗಿನ ಮೂಲೆಯಲ್ಲಿ ಬೂದು ಬಣ್ಣದ ಗೆರೆಯೊಂದು ಕಾಣಿಸಿಕೊಂಡಿರುತ್ತದೆ. ಅದು ದಡದ ಮರಳು. ಆಮೇಲೆ ನೀರಿನ ಅಂಚು ಗೋಚರಿಸುತ್ತದೆ, ಆಚೆ ದಡದ ಹಸಿರು ಇಳಿಜಾರು ಒಂದು ಗಳಿಗೆ ಕಂಡು ಮರೆಯಾಗುತ್ತದೆ. ಹೊರಡಬೇಕಾದದ್ದು ಈ ಹೊತ್ತಿನಲ್ಲೇ. ಪೂರ್ತಿ ತೆರೆದುಕೊಳ್ಳಲಿ ಎಂದು ಕಾದರೆ, ನಾವು ಅಲ್ಲಿ ತಲುಪುವಷ್ಟರಲ್ಲಿ ಬಿಸಿಲು ಬಿರುಸಾಗಿ, ಮೋಡದ ಚೂರುಗಳು ಕುಳಿಯ ಗೋಡೆಯ ಮೇಲೆ ಹರಿದಾಡುವ ಆ ಅಪರೂಪದ ಬೆಳಕು ಕೈತಪ್ಪಿರುತ್ತದೆ. ಈಚಿನ ಬೇಸಿಗೆಗಳಲ್ಲಿ ಅಲ್ಲಿಗೆ ಹಗಲು ಹೊತ್ತು ಖಾಸಗಿ ಕಾರುಗಳನ್ನು ನಿರ್ಬಂಧಿಸಿ ಶಟಲ್ ಬಸ್ಸುಗಳನ್ನು ಬಿಡುತ್ತಿರುವುದರಿಂದ, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೋಗುವವರು ಆ ವರ್ಷದ ನಿಯಮವನ್ನು ಮೊದಲೇ ನೋಡಿಕೊಂಡಿರಬೇಕು.

ಅದೇ ದ್ವೀಪದ ಪಶ್ಚಿಮ ತುದಿಯ ಸೆಟೆ ಸಿಡಾಡೆಸ್‌ನಲ್ಲಿ ಕ್ಯಾಮೆರಾದ ಉಪಯೋಗ ಬೇರೆ ರೀತಿಯದು. ಸುಮಾರು ಐದು ಕಿಲೋಮೀಟರ್ ಅಗಲದ ಈ ಕುಳಿಯೊಳಗೆ ಒಂದು ಸೇತುವೆ ಬೇರ್ಪಡಿಸಿದ ಎರಡು ಕೆರೆಗಳಿವೆ, ಒಂದರ ನೀರು ನೀಲಿ, ಇನ್ನೊಂದರದು ಹಸಿರು. ಈ ಬಣ್ಣಭೇದ ಎದ್ದು ಕಾಣುವುದು ಸೂರ್ಯ ನೆತ್ತಿಯ ಮೇಲಿರುವಾಗ, ಆಕಾಶ ತಿಳಿಯಾಗಿರುವಾಗ ಮಾತ್ರ. ಮುಂಜಾನೆ ಮತ್ತು ಸಂಜೆಯ ಓರೆ ಬೆಳಕೇ ಶ್ರೇಷ್ಠವೆಂದು ಕಲಿತ ನಮಗೆ ಇದು ತುಸು ವಿಚಿತ್ರವೆನಿಸಿದರೂ, ವಿಸ್ಟಾ ದೊ ರೇ ಎಂಬ ತೆಂಕಣ ಅಂಚಿನ ನೋಟದ ಕಟ್ಟೆಗೆ ನಡುಹಗಲಲ್ಲಿ ಹೋಗಿ, ಪೋಲರೈಸರ್ ಫಿಲ್ಟರನ್ನು ನಿಧಾನವಾಗಿ ತಿರುಗಿಸಿ ನೀರಿನ ಮೇಲಿನ ಹೊಳಪನ್ನು ಕತ್ತರಿಸಿದಾಗಲೇ ಎರಡು ಬಣ್ಣಗಳೂ ಬೇರೆಬೇರೆಯಾಗಿ ನಿಲ್ಲುತ್ತವೆ. ಲಗೋವಾ ದೊ ಕನಾರಿಯೊ ಬಳಿಯಿಂದ ನಡೆದು ಸೇರುವ ಬೋಕಾ ದೊ ಇನ್ಫೆರ್ನೊ ಕಟ್ಟೆಯಾದರೋ ಸಂಜೆಗೆ ಹೇಳಿಮಾಡಿಸಿದ್ದು. ಅಲ್ಲಿಂದ ನೋಡಿದರೆ ಬೆಟ್ಟದ ಏಣು ಮುಂದೆ ಚಾಚಿ, ಅದರ ಎರಡೂ ಬದಿಗೆ ಕೆರೆಗಳು, ಆಚೆಗೆ ಕಡಲು ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಈ ಎರಡು ಹೊತ್ತುಗಳಲ್ಲಿ ಯಾವುದನ್ನು ಆ ದಿನ ಆರಿಸಿಕೊಳ್ಳಬೇಕೆಂಬುದನ್ನು ಕ್ಯಾಮೆರಾ ನೋಡಿಯೇ ನಿರ್ಧರಿಸಬೇಕು.

ಸೇವೆಯ ಮಿತಿಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕ್ಯಾಮೆರಾ ತಾನು ನಿಂತ ಜಾಗದಿಂದ ಕಾಣುವುದನ್ನಷ್ಟೇ ತೋರಿಸುತ್ತದೆ. ಕೆರೆಯ ಮಟ್ಟದಲ್ಲಿರುವ ಕ್ಯಾಮೆರಾದಲ್ಲಿ ನೀರು ನಿಚ್ಚಳವಾಗಿ ಕಂಡರೂ, ಮೇಲಿನ ನೋಟದ ಕಟ್ಟೆ ಮೋಡದೊಳಗೇ ಇರಬಹುದು. ಅಗಲ ಕೋನದ ಲೆನ್ಸಿನಿಂದಾಗಿ ದೂರದ ಮೋಡ ಸಣ್ಣದಾಗಿ ಕಾಣುತ್ತದೆ. ಗಾಳಿಯ ವೇಗ ಅದರಲ್ಲಿ ಗೊತ್ತಾಗುವುದಿಲ್ಲ, ಆದರೆ ಟ್ರೈಪಾಡು ಬಳಸುವವರಿಗೆ ಗಾಳಿಯೇ ದೊಡ್ಡ ಪ್ರಶ್ನೆ. ಅದಕ್ಕೆ ಪೋರ್ಚುಗಲ್ಲಿನ ಹವಾಮಾನ ಸಂಸ್ಥೆಯಾದ ಐಪಿಎಂಎ ಹೊರಡಿಸುವ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೋಡುವುದೇ ಸರಿ. ಎಲ್ಲಕ್ಕಿಂತ ಮುಖ್ಯವಾಗಿ, ಕತ್ತಲಿರುವಾಗ ಕ್ಯಾಮೆರಾದಲ್ಲಿ ಏನೂ ಕಾಣದು. ಸೂರ್ಯೋದಯದ ಚಿತ್ರಕ್ಕೆ ಹೊರಡುವ ನಿರ್ಧಾರವನ್ನು ನಸುಕಿಗೆ ಮುಂಚೆ ಕೈಗೊಳ್ಳಬೇಕಾಗುವುದರಿಂದ, ಆ ಒಂದು ವಿಷಯದಲ್ಲಿ ಹಿಂದಿನ ಸಂಜೆಯ ಗಾಳಿಯ ದಿಕ್ಕು ಮತ್ತು ಅಷ್ಟು ದಿನ ನೋಡಿ ಬೆಳೆಸಿಕೊಂಡ ಅಂದಾಜು ಇವೆರಡನ್ನೇ ನೆಚ್ಚಬೇಕು.

ಇನ್ನು ಪ್ರವಾಸವನ್ನು ಇದಕ್ಕೆ ತಕ್ಕಂತೆ ರೂಪಿಸುವ ಮಾತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು, ಅದಕ್ಕೆ ವಸತಿ ಕಾಯ್ದಿರಿಸಿದ ದಾಖಲೆಯನ್ನೂ ದಿನವಾರು ಯೋಜನೆಯನ್ನೂ ಒದಗಿಸಬೇಕು. ಮೋಡ ನೋಡಿ ದಾರಿ ಬದಲಿಸುವ ಸ್ವಾತಂತ್ರ್ಯಕ್ಕೂ ಈ ಶಿಸ್ತಿಗೂ ಘರ್ಷಣೆಯಾಗದಂತೆ ನೋಡಿಕೊಳ್ಳುವ ಉಪಾಯವೆಂದರೆ ದಿನಕ್ಕೊಂದು ಊರಿನಲ್ಲಿ ತಂಗದೆ, ದ್ವೀಪಕ್ಕೆ ಒಂದೇ ವಸತಿ ಹಿಡಿಯುವುದು. ಸಾವ್ ಮಿಗೆಲ್ ಸುಮಾರು 65 ಕಿಲೋಮೀಟರ್ ಉದ್ದದ ದ್ವೀಪ. ಪೊಂಟಾ ಡೆಲ್ಗಾಡಾದಲ್ಲಿ ನೆಲೆ ನಿಂತರೆ ಪಶ್ಚಿಮದ ಸೆಟೆ ಸಿಡಾಡೆಸ್, ನಡುವಿನ ಲಗೋವಾ ದೊ ಫೋಗೊ, ಪೂರ್ವದ ಫುರ್ನಾಸ್ ಎಲ್ಲವೂ ಒಂದು ಗಂಟೆಯ ಒಳಗಿನ ದಾರಿಯಾಗುತ್ತವೆ. ಕ್ಯಾಮೆರಾ ಯಾವ ದಿಕ್ಕನ್ನು ತೋರಿಸಿದರೆ ಆ ದಿಕ್ಕಿಗೆ ಹೊರಡಬಹುದು. ಸ್ವಂತ ಕಾರು, ಎಂದರೆ ಬಾಡಿಗೆಗೆ ಪಡೆದು ನಾವೇ ಓಡಿಸುವ ಕಾರು, ಇಲ್ಲದೆ ಈ ಪದ್ಧತಿ ನಡೆಯದು. ಗುಂಪಿನ ಪ್ರವಾಸದ ಬಸ್ಸು ಮೋಡವಿದ್ದರೂ ನಿಗದಿಯಾದ ಕಡೆಗೇ ಹೋಗುತ್ತದೆ. ಎಲ್ಲ ಕಡೆಯೂ ಮುಚ್ಚಿದ ದಿನ ಫುರ್ನಾಸ್ ಕೈ ಬಿಡುವುದಿಲ್ಲ. ಅಲ್ಲಿ ನೆಲದಿಂದ ಏಳುವ ಬಿಸಿ ಹಬೆಗೆ ಮಬ್ಬು ಬೆಳಕೇ ಹೊಂದುತ್ತದೆ. ಮಾಂಸ, ತರಕಾರಿಗಳ ಪಾತ್ರೆಯನ್ನು ಬಿಸಿ ಮಣ್ಣಿನ ಗುಂಡಿಯಲ್ಲಿ ಹೂತು ಬೇಯಿಸಿ ಮೇಲೆತ್ತುವ ಜನರ ಚಿತ್ರವನ್ನೂ ಅಲ್ಲಿ ತೆಗೆಯಬಹುದು.

ಎರಡನೆಯ ದ್ವೀಪವಾಗಿ ಹೆಚ್ಚಿನವರು ಪೀಕೊವನ್ನು ಆರಿಸಿಕೊಳ್ಳುತ್ತಾರೆ. 2,351 ಮೀಟರ್ ಎತ್ತರದ ಅದರ ಶಿಖರವೇ ಇಡೀ ಪೋರ್ಚುಗಲ್ಲಿನ ಅತಿ ಎತ್ತರದ ತಾಣ. ಆದರೆ ಆ ಬೆಟ್ಟದ ಚಿತ್ರ ಬೇಕೆನ್ನುವವರಿಗೆ ನನ್ನ ಸಲಹೆ, ಎದುರಿನ ಫಯಾಲ್ ದ್ವೀಪದ ಓರ್ಟಾ ಪಟ್ಟಣದಲ್ಲಿ ತಂಗಬೇಕೆಂಬುದು. ಫಯಾಲ್ ಪಶ್ಚಿಮಕ್ಕಿರುವುದರಿಂದ ಮುಂಜಾನೆ ಪೀಕೊ ಕಪ್ಪು ಆಕೃತಿಯಾಗಿ ಎದ್ದು ನಿಲ್ಲುತ್ತದೆ, ಸಂಜೆಯ ಬಿಸಿಲು ನೇರವಾಗಿ ಅದರ ಮೈಮೇಲೆ ಬೀಳುತ್ತದೆ, ಕಿಟಕಿಯಿಂದಲೇ ಮೋಡದ ಚಲನೆಯನ್ನು ಗಮನಿಸುತ್ತಿರಬಹುದು. ಓರ್ಟಾದಿಂದ ಪೀಕೊದ ಮದಲೇನಾ ಬಂದರಿಗೆ ದೋಣಿಯಲ್ಲಿ ಅರ್ಧ ಗಂಟೆ. ಲಾವಾ ಕಲ್ಲುಗಳನ್ನು ಗಾರೆಯಿಲ್ಲದೆ ಪೇರಿಸಿ ಕಟ್ಟಿದ ಸಣ್ಣ ಸಣ್ಣ ಗೋಡೆಗಳ ನಡುವೆ ಬಳ್ಳಿ ಬೆಳೆಸುವ ಅಲ್ಲಿಯ ದ್ರಾಕ್ಷಿ ತೋಟಗಳು 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಶಿಖರ ಮುಚ್ಚಿದ ದಿನವೂ ಆ ಕಪ್ಪು ಗೋಡೆಗಳ ಜಾಲ ಚಿತ್ರಕ್ಕೆ ಸಿಗುತ್ತದೆ. ಶಿಖರ ಹತ್ತುವವರು ಸುಮಾರು 1,200 ಮೀಟರ್ ಎತ್ತರದಲ್ಲಿರುವ ಪರ್ವತ ಕೇಂದ್ರದಲ್ಲಿ ಹೆಸರು ನೋಂದಾಯಿಸಲೇಬೇಕು, ಏಕಕಾಲಕ್ಕೆ ಮೇಲಿರಬಹುದಾದವರ ಸಂಖ್ಯೆಗೆ ಮಿತಿಯಿದೆ. ಈ ಏರಾಟದ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುವುದರಿಂದ ಮೋಡ ನೋಡಿ ಹೊರಡುವ ಪದ್ಧತಿಗೆ ಅದು ಒಗ್ಗುವುದಿಲ್ಲ. ಚಿತ್ರವೇ ಮುಖ್ಯವೆನ್ನುವವರು ಬೆಟ್ಟವನ್ನು ಹೊರಗಿನಿಂದ ನೋಡುವುದೇ ಮೇಲು.

ಫಯಾಲ್‌ನ ಪಶ್ಚಿಮ ತುದಿಯಲ್ಲಿರುವ ಕಪೆಲಿನ್ಯೊಸ್‌ಗೆ ಹೋಗಲು ಯಾವ ಕ್ಯಾಮೆರಾದ ಅಪ್ಪಣೆಯೂ ಬೇಡ. 1957ರ ಸೆಪ್ಟೆಂಬರ್ 27ರಂದು ತೀರದಾಚೆಯ ಕಡಲಿನಲ್ಲಿ ಆರಂಭವಾದ ಸ್ಫೋಟ 1958ರ ಅಕ್ಟೋಬರ್‌ವರೆಗೆ ಮುಂದುವರಿದು, ಬೂದಿಯಿಂದ ಹೊಸ ನೆಲವನ್ನೇ ದ್ವೀಪಕ್ಕೆ ಜೋಡಿಸಿತು. ಮನೆ, ಹೊಲ ಕಳೆದುಕೊಂಡ ಕುಟುಂಬಗಳಿಗಾಗಿ ಅಮೆರಿಕ 1958ರಲ್ಲಿ ವಿಶೇಷ ಕಾಯಿದೆ ಮಾಡಿತು, ಸಾವಿರಾರು ಜನ ಅಲ್ಲಿಗೆ ವಲಸೆ ಹೋದರು. ಆಗ ತೀರದಲ್ಲಿದ್ದ ದೀಪಸ್ತಂಭದ ಕಟ್ಟಡ ಕೆಳ ಅಂತಸ್ತಿನವರೆಗೆ ಬೂದಿಯಲ್ಲಿ ಹೂತಿರುವುದರಿಂದ ಮೇಲಂತಸ್ತಿನ ಕಿಟಕಿಗಳು ಈಗ ನೆಲಕ್ಕೆ ಸಮೀಪವಾಗಿವೆ. ಬಳಿ ಹೋಗಿ ನೋಡಿದರೆ ಬೂದಿಯ ದಿಬ್ಬ ಒಂದೇ ಬಣ್ಣದ್ದಲ್ಲ. ಕಪ್ಪು, ಕಂದು, ತುಕ್ಕಿನ ಕೆಂಪು, ಮಾಸಲು ಹಳದಿಯ ಪದರಗಳು ಒಂದರ ಮೇಲೊಂದು ಕೂತಿವೆ. ಬಿರುಬಿಸಿಲಿನಲ್ಲಿ ಈ ಬಣ್ಣಗಳು ಬಿಳಚಿಕೊಳ್ಳುತ್ತವೆ. ಮೋಡ ಮುಚ್ಚಿ, ಹನಿ ಬಿದ್ದು ಬೂದಿ ಒದ್ದೆಯಾದಾಗ ಗಾಢವಾಗುತ್ತವೆ. ಆದ್ದರಿಂದ ಉಳಿದೆಲ್ಲ ಕ್ಯಾಮೆರಾಗಳೂ ಬಿಳಿಯ ಚೌಕಟ್ಟನ್ನೇ ತೋರಿಸುತ್ತಿರುವ ದಿನ ಕಪೆಲಿನ್ಯೊಸ್‌ಗೆ ಹೋಗಬೇಕು. ಕಪ್ಪು ನೆಲ ಚೌಕಟ್ಟನ್ನು ತುಂಬಿದಾಗ ನಮ್ಮ ಕೈಯ ಕ್ಯಾಮೆರಾ ಅಗತ್ಯಕ್ಕಿಂತ ಹೆಚ್ಚು ಬೆಳಕು ತೆಗೆದುಕೊಂಡು ಬೂದಿಯನ್ನು ನಸುಬೂದು ಮಾಡಿಬಿಡುತ್ತದೆ. ಒಂದು ಸ್ಟಾಪ್ ಕಡಿಮೆ ಇಟ್ಟು, ಎಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿ, ತೆಗೆಯುವುದು ಲೇಸು. ಅಲ್ಲಿಯ ಗಾಳಿಯಲ್ಲಿ ಉಪ್ಪೂ ಸಣ್ಣ ಕಣಗಳೂ ಇರುವುದರಿಂದ ತೆರೆದ ಜಾಗದಲ್ಲಿ ಲೆನ್ಸು ಬದಲಾಯಿಸಬಾರದು.

ಇನ್ನೂ ದೂರದ ಫ್ಲೋರೆಸ್ ದ್ವೀಪದಲ್ಲಿ ಜಲಪಾತಗಳೂ, ರೋಷಾ ದೊಸ್ ಬೊರ್ಡೋಯ್ನ್ಸ್ ಎಂಬ ಬೃಹತ್ ಶಿಲಾಸ್ತಂಭಗಳ ಗೋಡೆಯೂ ಇವೆ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ಲಾವಾ ತಣಿಯುತ್ತಾ ಬಿರುಕುಬಿಟ್ಟು ಆದ ಕಂಬಗಳನ್ನು ನೋಡಿದವರಿಗೆ ಇವು ಅದೇ ಕ್ರಿಯೆಯ ಫಲವೆಂದು ಕೂಡಲೇ ತಿಳಿಯುತ್ತದೆ. ಮಲ್ಪೆಯವು ಕಾಲಡಿಯಲ್ಲಿ ಹರಡಿದ್ದರೆ ಇಲ್ಲಿಯವು ಬೆಟ್ಟದ ಕಡಿದಾದ ಮುಖದಲ್ಲಿ ಎದ್ದು ನಿಂತಿವೆ. ಫ್ಲೋರೆಸ್‌ಗೆ ಹೋಗುವ ಸಣ್ಣ ವಿಮಾನಗಳು ಗಾಳಿ, ಮಂಜಿನಿಂದಾಗಿ ರದ್ದಾಗುವುದು ಹೊಸದೇನಲ್ಲ. ಆದ್ದರಿಂದ ಫ್ಲೋರೆಸ್ ಅನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳದೆ ಮೊದಲಿಗೇ ಮುಗಿಸಿ, ಕೊನೆಯ ಎರಡು ರಾತ್ರಿಗಳನ್ನು ಪೊಂಟಾ ಡೆಲ್ಗಾಡಾದಲ್ಲಿ ಕಳೆಯುವಂತೆ ಟಿಕೆಟ್ ಮಾಡಿಸಬೇಕು. ಲಿಸ್ಬನ್ನಿನಿಂದ ಮುಂದಿನ ವಿಮಾನವನ್ನು ಬೇರೆ ಟಿಕೆಟ್ಟಿನಲ್ಲಿ ಕಾಯ್ದಿರಿಸಿದವರಂತೂ ಈ ಎರಡು ರಾತ್ರಿಗಳನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು.