ಹಿಂಬದಿ ಕ್ಯಾಮೆರಾ ಹಾಕಿಸುವ ಮುಂಚೆ ಇದನ್ನು ಓದಿ

ಮೊನ್ನೆ ಭಾನುವಾರ ನಮ್ಮ ಕಾರಿನ ಡಿಕ್ಕಿ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಬಿಚ್ಚಿಸಿ ನೋಡಿದೆ. ರಿವರ್ಸ್ ಲೈಟಿನ ವೈರ್ ಸುಲಿದು, ಅದಕ್ಕೆ ಕ್ಯಾಮೆರಾದ ವೈರನ್ನು ಸುಮ್ನೆ ಸುತ್ತಿದ್ದರು. ಮೇಲೊಂದು ಕಪ್ಪು ಟೇಪು. ಟೇಪಿನ ಅಂಟು ಬಿಟ್ಟಿತ್ತು, ಒಳಗಿನ ತಾಮ್ರ ಹಸಿರುಗಟ್ಟಿತ್ತು. ಹಾಕಿಸಿ ಇನ್ನೂ ನಾಲ್ಕು ತಿಂಗಳು. ದುಡ್ಡು ಹೋದದ್ದಕ್ಕಿಂತ, ಆಗಬಾರದ್ದು ಆಗಿಬಿಡುತ್ತಿತ್ತಲ್ಲ ಅನ್ನುವ ಭಯ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಕಾರು 2021ರದ್ದು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಆಯಿತಲ್ಲ, ಹಾಗಾಗಿ ಸೆನ್ಸರ್ ಕಂಪನಿಯಿಂದಲೇ ಬಂದಿತ್ತು. ಕ್ಯಾಮೆರಾ ಇರಲಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಅಂಗಳಕ್ಕೆ ಕಾರು ಹಿಂದಕ್ಕೆ ತರುವಾಗ ಬರೀ ಸದ್ದು ನಂಬಿದರೆ ಸಾಲದು ಅನ್ನಿಸಿ, ಮಾರ್ಚ್‌ನಲ್ಲಿ ಶಿವಮೊಗ್ಗದ ಒಂದು ಆಕ್ಸೆಸರೀಸ್ ಅಂಗಡಿಗೆ ಹೋದೆ. ಸ್ಕ್ರೀನ್ ಮೊದಲೇ ಇತ್ತು. ಕ್ಯಾಮೆರಾ, ಫಿಟ್ಟಿಂಗ್ ಎಲ್ಲ ಸೇರಿ 1,800 ರೂಪಾಯಿ. ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಕೊಟ್ಟರು.

ಒಂದು ವಾರ ಕಳೆದಿರಬೇಕು. ಸಂಜೆ ರಿವರ್ಸ್ ಬರುತ್ತಿದ್ದೆ. ಸೆನ್ಸರ್ ಒಂದೇ ಸಮನೆ ಕೂಗುತ್ತಿತ್ತು. ಸ್ಕ್ರೀನಿನಲ್ಲಿ ಚಿತ್ರದ ಮೇಲೆ ಹಸಿರು, ಹಳದಿ, ಕೆಂಪು ಗೆರೆಗಳು ಬರುತ್ತವೆ, ಕೆಂಪು ಅಂದರೆ ತೀರಾ ಹತ್ತಿರ ಅಂತ ನನ್ನ ಲೆಕ್ಕ. ಆದರೆ ತುಳಸಿಕಟ್ಟೆ ಇನ್ನೂ ಹಳದಿ ಗೆರೆಯ ಹತ್ತಿರ ಕಾಣುತ್ತಿತ್ತು. ಕೆಂಪು ಗೆರೆಗೆ ಬರಲಿ, ಜಾಗ ಇದೆ ಅಂದುಕೊಂಡೆ. ಧಡ್ ಅಂತ ಗುದ್ದಿತು. ಕಟ್ಟೆಯ ಮೂಲೆ ಉದುರಿತು, ಬಂಪರ್ ಒಡೆಯಿತು. ಅರ್ಧ ಗಂಟೆ ಮುಂಚೆ ಮಗಳು ಅದೇ ಕಟ್ಟೆಯ ಬುಡದಲ್ಲಿ ಕೂತು ಮಣ್ಣಾಟ ಆಡುತ್ತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂಗಡಿಗೆ ಫೋನ್ ಮಾಡಿದರೆ, "ಅಭ್ಯಾಸ ಆಗುತ್ತೆ ಬಿಡಿ ಸಾರ್" ಅಂದರು. ಅಭ್ಯಾಸದ ಮಾತಲ್ಲ ಇದು. ಇಂಥ ಕ್ಯಾಮೆರಾಗಳಲ್ಲಿ ಆ ಹಸಿರು, ಹಳದಿ, ಕೆಂಪು ಗೆರೆಗಳು ದೂರ ಅಳೆಯುವುದೇ ಇಲ್ಲ. ಚಿತ್ರದ ಮೇಲೆ ಬರೆದಿಟ್ಟ ಗೆರೆಗಳು ಅವು, ಅಷ್ಟೇ. ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ, ಎಷ್ಟು ಬಾಗಿದೆ, ಬಂಪರ್ ಎಲ್ಲಿಗೆ ಮುಗಿಯುತ್ತದೆ ಅನ್ನುವುದು ಅವಕ್ಕೆ ಗೊತ್ತಿಲ್ಲ. ನನ್ನ ಕ್ಯಾಮೆರಾ ತೀರಾ ಕೆಳಕ್ಕೆ ಬಾಗಿತ್ತು. ಕೆಂಪು ಗೆರೆ ನೆಲದ ಮೇಲಲ್ಲ, ಬಂಪರಿನ ಮೇಲೇ ಬಿದ್ದಿತ್ತು. ಅಂದರೆ ಗುದ್ದುವ ತನಕ ಯಾವುದೂ ಕೆಂಪಿಗೆ ಬರುವುದೇ ಇಲ್ಲ. ಜೊತೆಗೆ ಅಗಲವಾಗಿ ತೋರಿಸುವ ಲೆನ್ಸಿನಲ್ಲಿ ಹತ್ತಿರದ್ದೂ ದೂರ ಕಾಣುತ್ತದೆ.

ಆದ್ದರಿಂದ ಅಂಗಡಿ ಬಿಡುವ ಮುಂಚೆ ಒಂದು ಕೆಲಸ ಮಾಡಿ. ಬಂಪರಿನಿಂದ ಒಂದಡಿ, ಮೂರಡಿ, ಆರಡಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅವು ಸ್ಕ್ರೀನಿನಲ್ಲಿ ಎಲ್ಲಿ ಬೀಳುತ್ತವೆ ನೋಡಿ. ಕಾರಿನ ಎಡಗಡೆ ಒಬ್ಬರನ್ನು ನಿಲ್ಲಿಸಿ. ಒಳಗಿನ ಕನ್ನಡಿಯಲ್ಲಿ ಕಂಡ ಹಾಗೆ ಸ್ಕ್ರೀನಿನಲ್ಲೂ ಅವರು ಎಡಕ್ಕೇ ಕಾಣಬೇಕು. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ರಿವರ್ಸ್ ಗೇರ್ ಹಾಕಿ, ಚಿತ್ರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತಲೂ ನೋಡಿಕೊಳ್ಳಿ.

ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಹದಿನೈದು ದಿನಕ್ಕೆ ಲೆನ್ಸಿನ ಒಳಗೇ ಮಂಜು ಕಟ್ಟಿತು. ಡಬ್ಬಿಯ ಮೇಲೆ ಬರೀ 'ವಾಟರ್‌ಪ್ರೂಫ್' ಅಂತಿತ್ತು. ಐಪಿ67 ಅಂತ ಇದೆಯಾ ಅಂತ ನಾನು ಕೇಳಬೇಕಿತ್ತು. ಧೂಳು ಒಳಗೆ ಹೋಗಬಾರದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಕೆಡಬಾರದು, ಅದು ಆ ಅಂಕಿಯ ಅರ್ಥ. ಆದರೆ ಅದು ಕ್ಯಾಮೆರಾದ ಮಾತು. ವೈರಿನ ಜಾಯಿಂಟಿಗೆ ಅದರ ರಕ್ಷಣೆ ಇಲ್ಲ.

ಜುಲೈನಲ್ಲಿ ರಿವರ್ಸ್ ಲೈಟು, ಸೆನ್ಸರ್ ಎರಡೂ ಒಟ್ಟಿಗೇ ನಿಂತುಹೋದವು. ಫ್ಯೂಸ್ ಹೋಗಿತ್ತು. ಹೊಸದು ಹಾಕಿದರೆ ಎರಡೇ ದಿನಕ್ಕೆ ಅದೂ ಹೋಯಿತು. ಕ್ಯಾಮೆರಾ ಹಾಕಿಸಿ ಕಂಪನಿ ಕೊಟ್ಟ ಸೆನ್ಸರನ್ನೂ ಕಳೆದುಕೊಂಡ ಹಾಗಾಯಿತು. ಸರ್ವಿಸ್ ಸೆಂಟರಿನಲ್ಲಿ, ಹೊರಗಡೆ ವೈರ್ ಕತ್ತರಿಸಿದ್ದಾರೆ, ಈ ರಿಪೇರಿ ವಾರಂಟಿಗೆ ಬರಲ್ಲ ಅಂದರು. ಕೊನೆಗೆ ನಮ್ಮೂರಿನ ಎಲೆಕ್ಟ್ರಿಷಿಯನ್ ಭಾನುವಾರ ಬಂದು ಬಿಚ್ಚಿದರು. "ಈ ಮಳೆಗೆ ಟೇಪು ನಿಲ್ಲುತ್ತಾ ಸಾರ್?" ಅಂತ ಕೇಳಿದರು.

ಅವರು ಜಾಯಿಂಟಿಗೆ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿದರು. ಕ್ಯಾಮೆರಾಕ್ಕೇ ಬೇರೆ ಸಣ್ಣ ಫ್ಯೂಸ್ ಕೊಟ್ಟರು. ಬಾಗಿಲಿನ ಸಂದಿಯಲ್ಲಿ ಜಜ್ಜಿಹೋಗಿದ್ದ ವೈರ್ ತೆಗೆದು, ಹೊಸದನ್ನು ಕಂಪನಿಯ ವೈರ್ ಹೋಗುವ ರಬ್ಬರ್ ಕೊಳವೆಯೊಳಗೇ ಎಳೆದರು. ನಿಮ್ಮ ಕಾರಿಗೆ ಕಪ್ಲರ್‌ಗೆ ಕಪ್ಲರ್ ಸೇರುವ, ಅಂದರೆ ವೈರ್ ಸುಲಿಯದೆ ಪ್ಲಗ್ಗಿನ ಹಾಗೆ ಸಿಕ್ಕಿಸುವ ವೈರಿಂಗ್ ಸಿಗುತ್ತಾ ಅಂತ ಮೊದಲು ಕೇಳಿ. ಸಿಕ್ಕರೆ ನಾಲ್ಕು ಕಾಸು ಜಾಸ್ತಿ ಆದರೂ ಅದನ್ನೇ ಹಾಕಿಸಿ, ಒಂದು ವೈರನ್ನೂ ಕತ್ತರಿಸಲು ಬಿಡಬೇಡಿ.

ಡಿಕ್ಕಿ ಬಾಗಿಲಿನಲ್ಲಿ ಅಂಗಡಿಯವರು ಕೊರೆದ ತೂತಿಗೆ ಬಣ್ಣವನ್ನೂ ಬಳಿದಿರಲಿಲ್ಲ, ರಬ್ಬರನ್ನೂ ಹಾಕಿರಲಿಲ್ಲ. ಸುತ್ತ ತುಕ್ಕು ಹಿಡಿದಿದೆ. ಮಳೆ ನಿಂತ ಮೇಲೆ ಅದನ್ನು ಕೆರೆಸಿ ಬಣ್ಣ ಹೊಡೆಸಬೇಕು.